ಹೌಟನ್ ಬೀದಿಯ ವಿದ್ಯಾರ್ಥಿ

ಲಂಡನ್ನಿನ ಸ್ಟ್ರಾಂಡ್ ರಾಜಬೀದಿಯ ಜನಸಂದಣಿಯಿಂದ ತಪ್ಪಿಸಿಕೊಂಡು, ಆಲ್ಡ್‌ವಿಚ್ ಎಂಬ ಅರ್ಧಚಂದ್ರಾಕಾರದ ರಸ್ತೆಯನ್ನು ದಾಟಿದರೆ, ಎತ್ತರದ ಕಟ್ಟಡಗಳ ನಡುವೆ ಅಡಗಿ ಕುಳಿತಂತಿರುವ ಒಂದು ಗಿಡ್ಡ ಬೀದಿ ಎದುರಾಗುತ್ತದೆ. ಅದೇ ಹೌಟನ್ ಬೀದಿ. ಜಗತ್ಪ್ರಸಿದ್ಧವಾದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಇರುವುದು ಇಲ್ಲಿಯೇ ಎಂದರೆ ಹೊಸಬರು ಒಡನೆಯೇ ನಂಬುವುದಿಲ್ಲ. ಆಕ್ಸ್‌ಫರ್ಡಿನ ಗೋಪುರಗಳಿಲ್ಲ, ಕೇಂಬ್ರಿಡ್ಜಿನ ನದೀತೀರವಿಲ್ಲ. ಮಾನಸಗಂಗೋತ್ರಿಯ ವಿಶಾಲವಾದ ಬಯಲನ್ನೂ ಮರಗಳ ನೆರಳನ್ನೂ ಕಂಡ ಮೈಸೂರಿನ ವಿದ್ಯಾರ್ಥಿಯಂತೂ, ವಿಶ್ವವಿದ್ಯಾನಿಲಯದ ನಡುವೆಯೇ ನಿಂತು ವಿಶ್ವವಿದ್ಯಾನಿಲಯ ಎಲ್ಲಿದೆಯೆಂದು ದಾರಿಹೋಕರನ್ನು ಕೇಳಿದರೆ ಆಶ್ಚರ್ಯವಿಲ್ಲ.

1894ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಸರ್‍ರೆ ಪ್ರಾಂತದ ಹಳ್ಳಿಮನೆಯೊಂದರಲ್ಲಿ ವೆಬ್ ದಂಪತಿಗಳು, ಗ್ರಹಾಂ ವಾಲಸ್ ಮತ್ತು ಬರ್ನಾರ್ಡ್ ಷಾ ಉಪಾಹಾರಕ್ಕೆ ಕುಳಿತಿದ್ದಾಗ ಈ ಶಾಲೆಯ ಸಂಕಲ್ಪ ಹುಟ್ಟಿತು. ಮರುವರ್ಷವೇ ಪಾಠಗಳು ಮೊದಲಾದವು. 1907ರಲ್ಲಿ ಸಮಾಜಶಾಸ್ತ್ರಕ್ಕೆ ಪ್ರಾಧ್ಯಾಪಕ ಪೀಠ ದೊರೆತು, ಹಾಬ್‌ಹೌಸ್ ಪಂಡಿತರು ಅದನ್ನು ಅಲಂಕರಿಸಿದರು. ಅನಂತರದ ಸಂಗತಿ ಭಾರತೀಯರು ನೆನಪಿಡತಕ್ಕದ್ದು. ಬಡತನದ ಕಾರಣಗಳನ್ನು ಶೋಧಿಸಲೆಂದು 1912ರಲ್ಲಿ ಇಲ್ಲಿಗೆ ಧನಸಹಾಯ ನೀಡಿದವರು ಜಂಷೇಟ್‌ಜಿ ಟಾಟಾ ಅವರ ಕಿರಿಯ ಮಗ ರತನ್ ಟಾಟಾ. ಸಾಮ್ರಾಜ್ಯವು ಮಧ್ಯಾಹ್ನದ ಸೂರ್ಯನಂತೆ ಬೆಳಗುತ್ತಿದ್ದ ದಿನಗಳಲ್ಲಿ ಮುಂಬಯಿಯ ಹಣ ಆಂಗ್ಲರ ಬಡತನದ ಲೆಕ್ಕ ಹಾಕಿತು!

ಇಲ್ಲಿಗೆ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿಗೆಂದು ಬರುವ ಪರದೇಶಿ ವಿದ್ಯಾರ್ಥಿಯ ಅವಧಿ ಕೇವಲ 12 ತಿಂಗಳು. ನಮ್ಮಲ್ಲಿ ಎರಡು ವರ್ಷ ಹರಡಿಕೊಳ್ಳುವ ವ್ಯಾಸಂಗ ಇಲ್ಲಿ ಒಂದೇ ವರ್ಷಕ್ಕೆ ಕುಗ್ಗಿದೆ. ಪದವಿಯ ಹೆಸರೂ ಎಂ.ಎ. ಅಲ್ಲ, ಎಂ.ಎಸ್‌ಸಿ. ಮಗ ರಸಾಯನಶಾಸ್ತ್ರವನ್ನೇನಾದರೂ ಕಲಿಯಲು ಹೊರಟನೇ ಎಂದು ನೆರೆಮನೆಯವರು ವಿಚಾರಿಸುವುದುಂಟು. ಅವರಿಗೆ ಉತ್ತರ ಹೇಳುವ ತಾಪತ್ರಯ ತಾಯಿಯದು. ಬ್ಯಾಂಕಿನ ಸಾಲಕ್ಕೆ ಮನೆಯ ಪತ್ರ ಒತ್ತೆಯಿಟ್ಟ ಚಿಂತೆ ತಂದೆಯದು. ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಸರ್ಕಾರದ ಅಪ್ಪಣೆಯಿಲ್ಲ. ಓದು ಮುಗಿದ ಮೇಲೆ ಎರಡು ವರ್ಷ ನಿಂತು ಉದ್ಯೋಗ ಮಾಡಬಹುದೆಂಬ ನಿಯಮ 2021ರಲ್ಲಿ ಬಂದಿತಾದರೂ, ಅದನ್ನು 18 ತಿಂಗಳಿಗೆ ಇಳಿಸುವುದಾಗಿ 2025ರಲ್ಲಿ ಸಾರಲಾಯಿತು. ಹೀಗಾಗಿ ಸಮಾಜದ ಚಿಂತನೆಗೆಂದು ಬಂದವನು ಅರ್ಧ ರಾತ್ರಿಯಲ್ಲಿ ಎದ್ದು ಬಡ್ಡಿಯ ಚಿಂತನೆ ಮಾಡುತ್ತಾನೆ.

ತರಗತಿಯ ಸೋಜಿಗವೇ ಬೇರೆ. ಒಂದು ಗಂಟೆಯ ಉಪನ್ಯಾಸ ಕೇಳಿಸಿಕೊಂಡು ಟಿಪ್ಪಣಿ ಬರೆದರೆ ಸಾಲದು. ಬಳಿಕ ಸೆಮಿನಾರ್ ಎಂಬ ಚಿಕ್ಕ ಗೋಷ್ಠಿಯಲ್ಲಿ ಬಾಯಿ ಬಿಡಬೇಕು. ವೇಬರ್ ಹೀಗೆಂದ, ದುರ್ಖೈಮ್ ಹಾಗೆಂದ ಎಂದು ಒಪ್ಪಿಸಿದರೆ ಅಧ್ಯಾಪಕರು ಮೃದುವಾಗಿ ನಕ್ಕು, “ಸರಿ, ನೀವೇನನ್ನುತ್ತೀರಿ?” ಎನ್ನುತ್ತಾರೆ. ಗುರುವಿನ ಮಾತಿಗೆ ತಲೆದೂಗಿ ತೊಂಬತ್ತು ಅಂಕ ಗಳಿಸಿದ ಹುಡುಗನಿಗೆ ಇದು ಸಿಡಿಲು. ಮೊದಲ ಪ್ರಬಂಧಕ್ಕೆ 62 ಅಂಕ ಬಂದಾಗ ಜೀವವೇ ಹೋದಂತಾಗುತ್ತದೆ. ಇಲ್ಲಿ 50 ಬಂದರೆ ತೇರ್ಗಡೆ, 70 ಬಂದರೆ ಅತ್ಯುನ್ನತ ಶ್ರೇಣಿ ಎಂಬುದು ತಿಳಿದ ಮೇಲೆಯೇ ಊಟ ಸೇರುವುದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕವಿಯುವ ಕತ್ತಲು ಈ ಸಂಕಟಕ್ಕೆ ಇನ್ನಷ್ಟು ಬಣ್ಣ ಬಳಿಯುತ್ತದೆ. ಹಿಂದೆ ಇಂಥ ಸಂಜೆಗಳಲ್ಲಿ ಸ್ಟ್ರಾಂಡಿನ ಇಂಡಿಯಾ ಕ್ಲಬ್ಬಿನ ಮಹಡಿ ಹತ್ತಿ ದೋಸೆ ತಿಂದು ಕಣ್ಣೊರೆಸಿಕೊಳ್ಳಬಹುದಿತ್ತು. ಇದೇ ಶಾಲೆಯಲ್ಲಿ ಕಲಿತ ಕೃಷ್ಣ ಮೆನನ್ನರು ಅದರ ಸ್ಥಾಪಕರಲ್ಲೊಬ್ಬರು. 2023ರಲ್ಲಿ ಆ ಬಾಗಿಲೂ ಮುಚ್ಚಿತು.

“ನೀವೇನನ್ನುತ್ತೀರಿ?” ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಪರದೇಶಿಗಳೇನು ಕಡಮೆಯೇ? ಕೀನ್ಯದ ಜೋಮೋ ಕೆನ್ಯಾಟ ಇಲ್ಲಿ ಮಲಿನೋವ್‌ಸ್ಕಿಯ ಶಿಷ್ಯನಾಗಿ, ತನ್ನ ಕಿಕುಯು ಜನರ ಬಾಳನ್ನು ಕುರಿತು ಬರೆದ ಗ್ರಂಥ 1938ರಲ್ಲಿ ಹೊರಬಂದಿತು. ಚೀನದ ಫೈ ಷಿಯಾವೋತುಂಗ್ ತನ್ನ ನಾಡಿನ ರೈತರ ಬದುಕನ್ನು ಇಲ್ಲಿ ಕುಳಿತು ಬಿಡಿಸಿಟ್ಟ. ಪುಸ್ತಕ ಬಂದದ್ದು 1939ರಲ್ಲಿ. ಮುಂಬಯಿಯ ಘುರ್ಯೆ 1920ರಲ್ಲಿ ಹಾಬ್‌ಹೌಸರ ಬಳಿ ಬಂದು, ಕೆಲಕಾಲದಲ್ಲೇ ಕೇಂಬ್ರಿಡ್ಜಿಗೆ ಹೊರಟುಹೋದರು. ಅವರ ಶಿಷ್ಯರೇ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಆಕ್ಸ್‌ಫರ್ಡಿಗೆ ಹೋಗಿ ಬಂದ ಅವರು 1948ರಲ್ಲಿ ನೆಲೆ ನಿಂತದ್ದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ. ದೂರ ಹೋದವರ ಕಣ್ಣು ಊರ ಕಡೆಗೇ ತಿರುಗಿದ್ದುದು ವಿಚಿತ್ರವಾದರೂ ಸತ್ಯ.

ಆ ಕಣ್ಣು ತೆರೆಸುವ ವಸ್ತುವೊಂದು ಈ ಶಾಲೆಯ ಗ್ರಂಥಭಂಡಾರದಲ್ಲಿದೆ. ಚಾರ್ಲ್ಸ್ ಬೂತ್ ಎಂಬ ಲಿವರ್‌ಪೂಲಿನ ಹಡಗು ವ್ಯಾಪಾರಿ 1886ರಿಂದ 1903ರವರೆಗೆ ತನ್ನ ಸ್ವಂತ ಖರ್ಚಿನಿಂದ ಲಂಡನ್ನಿನ ಬೀದಿಬೀದಿಯನ್ನೂ ಪರೀಕ್ಷಿಸಿದ. ಪೊಲೀಸಿನವರ ಜೊತೆ ನಡೆದು ಅವನ ಸಹಾಯಕರು ಬರೆದಿಟ್ಟದ್ದೂ ಸೇರಿ 400ಕ್ಕೂ ಹೆಚ್ಚು ಕೈಬರಹದ ಪುಸ್ತಕಗಳು ಇಲ್ಲಿ ಸುರಕ್ಷಿತವಾಗಿವೆ. ತಾನು ಕಂಡುದನ್ನು ಬೂತ್ ನಕಾಶೆಯ ಮೇಲೆ ಬಣ್ಣಗಳಲ್ಲಿ ತೋರಿಸಿದ. ಸಿರಿವಂತರ ಬೀದಿ ಹಳದಿ, ಅನುಕೂಲಸ್ಥರದು ಕೆಂಪು, ಬಡವರದು ನೀಲಿ, ಎಲ್ಲರಿಗಿಂತ ಕೆಳಗಿನವರದು ಕಪ್ಪು. ಎಲ್ಲರಿಗಿಂತ ಕೆಳಗಿನವರನ್ನು ದುಷ್ಟರೆಂದು ಕರೆದು ಕಪ್ಪಿನಲ್ಲಿ ಅದ್ದಿದ್ದು ಅನ್ಯಾಯವೇ ಸರಿ. ಆದರೆ ನಗರದ ಶೇಕಡ 30.7 ಮಂದಿ ಬಡತನದಲ್ಲಿದ್ದಾರೆಂದು ಅವನು ಎಣಿಸಿ ತೋರಿಸಿದಾಗ, ಇಲ್ಲವೆನ್ನಲು ಸಭ್ಯರಿಗೆ ಬಾಯಿ ಬರಲಿಲ್ಲ.

ನಕಾಶೆಯ ಮುಂದೆ ನಿಂತ ವಿದ್ಯಾರ್ಥಿ ಮೊದಲು ಹುಡುಕುವುದು ತನ್ನ ಬಾಡಿಗೆಯ ಕೋಣೆಯಿರುವ ಬೀದಿಯನ್ನು. ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಸುತ್ತಿನ ಎಷ್ಟೋ ಗಲ್ಲಿಗಳು ಅಲ್ಲಿ ಕಡುನೀಲಿ, ಕಪ್ಪು. ಇಂದು ಅದೇ ಗಲ್ಲಿಗಳ ಬಾಡಿಗೆ ಕೊಡುವಾಗ ಕೈ ನಡುಗುತ್ತದೆ. ಬೇಸಿಗೆ ಬಂದು, ಸುಮಾರು 10,000 ಪದಗಳ ಮಹಾಪ್ರಬಂಧಕ್ಕೆ ವಿಷಯ ಆರಿಸಬೇಕಾದಾಗ ಈ ಬಣ್ಣಗಳು ಬಿಡದೆ ಕಾಡುತ್ತವೆ. ತನ್ನ ಊರಿನ ಅಗ್ರಹಾರಕ್ಕೆ ಯಾವ ಬಣ್ಣ? ಅದರ ಹಿಂದಿನ ಕೇರಿಗೆ ಯಾವುದು? ಇಪ್ಪತ್ತು ವರ್ಷ ಅಲ್ಲಿಯೇ ಬೆಳೆದೂ ಆ ಕೇರಿಯಲ್ಲಿ ಎಷ್ಟು ಮನೆಗಳಿವೆಯೆಂದು ಅವನಿಗೆ ತಿಳಿಯದು. ರಾತ್ರಿ ಮನೆಗೆ ಫೋನ್ ಮಾಡಿ ಕೇಳುತ್ತಾನೆ.

“ಅಮ್ಮಾ, ನಮ್ಮ ಹಿತ್ತಿಲ ಆಚೆಗಿನ ಕೇರಿಗೆ ಎಂದಾದರೂ ಹೋಗಿದ್ದೀಯಾ?”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಯಾಕೋ, ಊಟ ಆಯಿತೇನೋ?” ಎಂಬ ಧ್ವನಿ.