ಅಡುಗೆ ಸೋಡಾದ ಹಿಮ

ನಾನು ಹಿಮ ನೋಡಿದವನಲ್ಲ. ಹಾಸನದ ಕಡೆಯ ನಮ್ಮೂರಲ್ಲಿ ಧನುರ್ಮಾಸದ ಮಂಜು ಬೀಳುತ್ತೆ, ಅಷ್ಟೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಎರಡು ಸಲ ಆನ್‌ಸೈಟ್ ಹೋದೆ, ಎರಡು ಸಲವೂ ಸಿಂಗಪುರಕ್ಕೆ. ಅಂಥವನು ಊಟದ ಮೇಜಿನ ಮೇಲೆ ಜೋಜಿಲಾ ಕಟ್ಟಲು ಹೊರಟಿದ್ದೆ.

ಸ್ಕೇಲ್ ಮಾಡೆಲ್ ಅಂದ್ರೆ ಆಟಿಕೆ ಅಂದುಕೊಳ್ಳಬೇಡಿ (ನನ್ನ ಹೆಂಡತಿ ಹಾಗೇ ಅಂದುಕೊಂಡಿದ್ದಾಳೆ). ನಾನು ಕಟ್ಟುತ್ತಿದ್ದದ್ದು ಸ್ಟುವರ್ಟ್ ಟ್ಯಾಂಕು. ಸುಮಾರು 4.8 ಮೀಟರ್ ಉದ್ದದ ಅದು 1/35 ಅಳತೆಯಲ್ಲಿ 14 ಸೆಂಟಿಮೀಟರ್ ಕೂಡ ಇರಲ್ಲ. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಭಾಗ ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಆಫೀಸಿನಲ್ಲಿ ಇಡೀ ದಿನ ಕೈಗೆ ಸಿಗದ ವಸ್ತು ಕಟ್ಟುವವನಿಗೆ ರಾತ್ರಿ ಕೈಗೆ ಅಂಟು ಮೆತ್ತಿಕೊಂಡರೆ ಒಂಥರಾ ನೆಮ್ಮದಿ.

ಸ್ಟುವರ್ಟೇ ಯಾಕೆ ಅಂದ್ರೆ, 1948ರ ನವೆಂಬರ್ 1. ಜೋಜಿಲಾ ಇರುವುದು ಹನ್ನೊಂದೂವರೆ ಸಾವಿರ ಅಡಿಗೂ ಮೇಲೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಅಲ್ಲೇ ಕಟ್ಟಿಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನಡೆಸಿದ ದಾಳಿ ಫಲಿಸಿರಲಿಲ್ಲ. ಆಗ ನಮ್ಮ ಮಡಿಕೇರಿಯ ತಿಮ್ಮಯ್ಯನವರು ಟ್ಯಾಂಕ್ ಹತ್ತಿಸಲು ನಿರ್ಧರಿಸಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳ ತಲೆ ಬಿಚ್ಚಿ, ಗುಟ್ಟಾಗಿ ಬಾಲ್ಟಾಲ್‌ವರೆಗೆ ಸಾಗಿಸಿದರು. ಅಲ್ಲಿಂದ ಮುಂದೆ ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಹಿಮ ಬಿದ್ದಿದ್ದ ಆ ಎತ್ತರಕ್ಕೆ ಟ್ಯಾಂಕು ಬರುತ್ತೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿ ಕೂತು ಹೋದರು.

ಥರ್ಮೋಕೋಲ್ ಮೇಲೆ ವಾಲ್ ಪುಟ್ಟಿ ಬಳಿದು ಬೆಟ್ಟ ಮಾಡಿದೆ. ಹಿಮಕ್ಕೆ ಮೊದಲು ಚಿರೋಟಿ ರವೆ ಉದುರಿಸಿ ನೋಡಿದೆ. ಒಂದು ಕಾಳನ್ನು 35ರಿಂದ ಗುಣಿಸಿದರೆ ಆಲಿಕಲ್ಲಾಗುತ್ತೆ! ಕೊನೆಗೆ ಅಡುಗೆ ಸೋಡಾನ ಫೆವಿಕಾಲ್‌ನಲ್ಲಿ ಕಲಸಿ ಬಳಿದೆ. ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ ಬಂತು.

ಅದೇ ವಾರ ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಲು ಊರಿಂದ ಬಂದ. ಅವನು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು. ಹಲಸೂರಿನಲ್ಲಿ ಟ್ರೈನಿಂಗು, ಆಮೇಲೆ ದ್ರಾಸ್ ಕಡೆ ಎರಡು ಚಳಿಗಾಲ. ಬಲಗೈಯ ಎರಡು ಬೆರಳಿಗೆ ತುದಿ ಇಲ್ಲ. ಚಳಿಗೆ ಹೋಗಿದ್ದು ಅಂತ ಅಪ್ಪ ಹೇಳುತ್ತಿದ್ದ. ದೊಡ್ಡಪ್ಪ ಒಂದು ದಿನವೂ ಆ ಮಾತು ಎತ್ತಿದವನಲ್ಲ.

ಮೇಜಿನ ಹತ್ತಿರ ಬಗ್ಗಿ, ಪೊರೆ ಇರದ ಕಣ್ಣಲ್ಲಿ ನೋಡಿದ. “ಇದೇನ್ಲಾ ಮಗಾ, ಗಣಪತಿ ಮಂಟಪ ಮಾಡ್ದಂಗೆ ಮಾಡಿದೀಯ?” ಅಂದ. ಜೋಜಿಲಾ ಅಂದೆ. ಸುಮ್ಮನಾದ. ಆಮೇಲೆ, “ಇಷ್ಟು ಬೆಳ್ಳಗೆ ಎಲ್ಲಿರ್ತದೆ? ಗಾಡಿ ಓಡಾಡಿದ ಮ್ಯಾಲೆ ಗದ್ದೆ ಕೆಸ್ರು ಕಣ್ಲಾ ಅದು” ಅಂದ. ಇನ್ನೊಂದು ಸ್ವಲ್ಪ ಹೊತ್ತು ನೋಡಿ, “ದಾರಿ ಮಾಡ್ದೋರು ಎಲ್ಲವ್ರೆ?”

ನಿಜ. ಬಾಲ್ಟಾಲ್‌ನಿಂದ ಮೇಲಕ್ಕೆ ಆ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸೇ. ನಾನು ಟ್ಯಾಂಕ್ ಇಟ್ಟಿದ್ದೆ, ತಿಮ್ಮಯ್ಯನವರನ್ನು ಇಟ್ಟಿದ್ದೆ. ದಾರಿ ತಾನಾಗೇ ಇತ್ತು.

ಬಂಡೆ ಎಲ್ಲಿ ಸೀಳಬೇಕು ಅಂತ ತೋರಿಸಲು ಕೈ ಮುಂದೆ ಮಾಡಿದ. ಟ್ಯಾಂಕಿನ ಆಂಟೆನಾ ಪಟ್ ಅಂತ ಮುರಿಯಿತು. “ಮುಟ್ಟಬೇಡ ಅಂದ್ನಲ್ಲಾ ದೊಡ್ಡಪ್ಪ!” ಅಂತ ಕಿರುಚಿಬಿಟ್ಟೆ. ಅಂದಿರಲೂ ಇಲ್ಲ. ಅವನು ಆ ಕೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡ. ಆಪರೇಷನ್ ಮುಗಿದ ಮೂರನೇ ದಿನ ಬೆಳಗಿನ ಬಸ್ಸಿಗೇ ಹೊರಟ. ಇನ್ನು ನಾಲ್ಕು ದಿನ ಇರು ಅಂದರೂ ಕೇಳಲಿಲ್ಲ.

ಆಂಟೆನಾ ಅಂದ್ರೆ ಏನು ಗೊತ್ತಾ? ಮಿಕ್ಕ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಮೆತ್ತಗಾದಾಗ ಎಳೆದರೆ ಕೂದಲಿನಂತೆ ಬರುತ್ತೆ. ಎರಡು ನಿಮಿಷದ ಕೆಲಸ.

ಮಳೆಗಾಲದಲ್ಲಿ ಸೋಡಾ ಹಿಮ ಹಳದಿಯಾಯಿತು, ಥೇಟ್ ಹಳೇ ದೋಸೆ. ಪೂರ್ತಿ ಕೆರೆದು ಹಾಕಿದೆ. ಈ ಸಲ ಚೈನ್ ಹೋದ ಜಾಗಕ್ಕೆ ಕಂದು ಬಣ್ಣ ಕಲಸಿ ಕೆಸರು ಮಾಡಿದೆ, ಬಿಳಿಯನ್ನು ಬಂಡೆಯ ನೆರಳಿಗೆ ಮಾತ್ರ ಬಿಟ್ಟೆ. ಸಲಿಕೆ, ಹಾರೆ ಹಿಡಿದ ನಾಲ್ಕು ಜನ ಸ್ಯಾಪರ್‌ಗಳನ್ನು ಮುಂದೆ ನಿಲ್ಲಿಸಿದೆ. ಹಾರೆ ಗುಂಡುಪಿನ್ನಿನದು.

ಗೌರಿ ಹಬ್ಬಕ್ಕೆ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ತೊಡೆ ಮೇಲೆ ಹೊತ್ತುಕೊಂಡು ಊರಿಗೆ ಹೋದೆ. ಶಿರಾಡಿ ಕಡೆಯ ಮಳೆಗೆ ಬಸ್ಸು ತಡವಾಗಿ, ತಲುಪಿದಾಗ ಕತ್ತಲು. ದೊಡ್ಡಪ್ಪನ ಜಗಲಿ ಮೇಲೆ ಇಟ್ಟೆ. ತಪ್ಪಾಯ್ತು ಅಂತ ಹೇಳಬೇಕು ಅಂದುಕೊಂಡಿದ್ದೆ, ಬಾಯಿ ಬರಲಿಲ್ಲ. “ಮುಟ್ಟು ದೊಡ್ಡಪ್ಪ” ಅಂದೆ.

ಅವನು ಮುಟ್ಟಲಿಲ್ಲ. ಟಾರ್ಚ್ ಬಿಟ್ಟು ತುಂಬಾ ಹೊತ್ತು ನೋಡಿದ. ಕೆಸರಿನ ಬಗ್ಗೆ ಏನೂ ಅನ್ನಲಿಲ್ಲ. ಹಾರೆ ಹಿಡಿದವನ ಮೇಲೆ ಬೆಳಕು ನಿಲ್ಲಿಸಿ, “ಇವ್ನಿಗೆ ಗ್ಲೌಸ್ ಹಾಕ್ಲಾ ಮಗಾ, ಬರಿಗೈಲಿ ಕಬ್ಬಿಣ ಹಿಡ್ದವ್ನೆ” ಅಂದ.

ಬ್ರಷ್ ತಂದಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ನಾಲ್ಕೂ ಜನಕ್ಕೆ ಹಾಕಿದೆ.