ರಕಿಯುರಾದಲ್ಲಿ ಕಿವಿ

ನ್ಯೂಜಿಲೆಂಡಿನ ದಕ್ಷಿಣ ತುದಿಯಾಚೆಯ ಸ್ಟೂವರ್ಟ್ ದ್ವೀಪಕ್ಕೆ ಮಾವೋರಿಗಳ ಹೆಸರು ರಕಿಯುರಾ. ಬ್ಲಫ್ ಬಂದರಿನಿಂದ ಒಂದು ಗಂಟೆ ಫೆರಿ, ಆಮೇಲೆ ನಾಲ್ಕು ದಿನ ಬರೀ ಕೆಸರು. ಮಲೆನಾಡಿನ ಆಷಾಢ ಕಂಡ ನನಗೂ ಅದು ಹೆಚ್ಚೇ. ಹಾವಿಲ್ಲ ಎಂಬುದೊಂದೇ ಧೈರ್ಯ.

ಮೇಸನ್ ಬೇಯಲ್ಲಿ ರಾತ್ರಿ ನಮ್ಮ ಗೈಡ್ ಎಲ್ಲರ ಟಾರ್ಚ್ ಆರಿಸಿಸಿದಳು. "ಹುಡುಕಬೇಡಿ, ಕೇಳಿ" ಎಂದಳು. ಈ ಹಕ್ಕಿಯ ಹೆಸರು ಕನ್ನಡದಲ್ಲೇ ಸರಿಯಾಗಿ ಕೂರುತ್ತದೆ: ಕಿವಿಯನ್ನು ಕಾಣಲು ಕಿವಿಯೇ ಬೇಕು. ಮೂಗಿನ ಹೊಳ್ಳೆ ಇರುವುದು ಅದರ ಕೊಕ್ಕಿನ ತುದಿಯಲ್ಲಿ. ಮಣ್ಣಿಗೆ ಚುಚ್ಚಿ ಹುಳುವಿನ ವಾಸನೆ ಹಿಡಿಯುತ್ತದೆ, ಆಗಾಗ ನೆಗಡಿಯಾದವರಂತೆ ಸೀನುತ್ತದೆ. ಆ ಸೀನು ಹತ್ತಿರವಾಗುತ್ತ ಬಂತು, ನನ್ನ ಬೂಟಿನ ಪಕ್ಕದಲ್ಲೇ ಹಾದುಹೋಯಿತು. ಯಾರೂ ಉಸಿರೆತ್ತಲಿಲ್ಲ.

ಆಮೇಲೆ ಅವಳು ಕೇಳಿಸದ ಇನ್ನೊಂದು ದನಿಯ ಬಗ್ಗೆ ಹೇಳಿದಳು. ಹಾರಲಾರದ ಗಿಳಿ ಕಾಕಪೋ. ಗಂಡು ಕೂಗಿದರೆ ನಗಾರಿಯಂತೆ ಕಿಲೋಮೀಟರುಗಟ್ಟಲೆ ಕೇಳಿಸುತ್ತದಂತೆ. ಅಳಿದೇ ಹೋಗುವಂತಿದ್ದ ಆ ಗಿಳಿಗಳ ಗುಂಪೊಂದು 1977ರಲ್ಲಿ ಇದೇ ದ್ವೀಪದಲ್ಲಿ ಸಿಕ್ಕಿತು. ಜನ ತಂದು, ಕಾಡು ಸೇರಿದ ಬೆಕ್ಕುಗಳು ಅವನ್ನು ತಿನ್ನುತ್ತಿದ್ದವು. ಉಳಿದವನ್ನು 1980ರ ದಶಕದಿಂದ ಹಿಡಿದು ಹಿಡಿದು ಬೇರೆ ದ್ವೀಪಗಳಿಗೆ ಸಾಗಿಸಿದರು. ನಾನು ಇಷ್ಟು ಹೊತ್ತು ಸವಿಯುತ್ತಿದ್ದ ಮೌನದಲ್ಲಿ ಒಂದು ಪಾಲು ಹೀಗೆ ಆದದ್ದು.

ಕಿವಿ ಇನ್ನೂ ಇದೆ. ಬೆಕ್ಕೂ ಇದೆ.