ಅಶೋಕವೂ ಗರಗಸ ಮೀನೂ

ಬೆಟ್ಟದ ನೆಲ್ಲಿಯೂ ಕಡಲ ಉಪ್ಪೂ ಭರಣಿಯಲ್ಲಿ ಕೂಡುವುದು ಎಲ್ಲರಿಗೂ ತಿಳಿದದ್ದೇ. ಕಾಡಿನ ಹೂವೂ ಕಡಲಿನ ಮೀನೂ ಎಲ್ಲಿ ಕೂಡಬೇಕು? ನನ್ನನ್ನು ಕೇಳಿದರೆ ಮಾಕುಟ್ಟದಲ್ಲಿ ಎನ್ನುತ್ತೇನೆ. ವಿರಾಜಪೇಟೆಯಿಂದ ಕಣ್ಣೂರಿನ ಕಡೆಗೆ ಇಳಿಯುವ ಘಾಟಿ ಅದು. ಎರಡು ಬದಿಗೂ ನಿತ್ಯಹಸುರಿನ ಕಾಡು. ನಡುವೆ, ಮಲಬಾರಿನ ಕರಾವಳಿಯಿಂದ ಮೀನು ಹೊತ್ತು ಏರಿ ಬರುವ ಲಾರಿ. ಬಸ್ಸಿನ ಕಿಟಕಿಯ ಪಕ್ಕ ಕುಳಿತವನ ಮೂಗಿಗೆ ಎರಡೂ ಒಟ್ಟಿಗೇ ಬಡಿಯುತ್ತವೆ.

ಆ ಕಾಡು ನನಗೆ ಅಶೋಕವನ್ನು ನೆನಪಿಗೆ ತರುತ್ತದೆ. ಘಟ್ಟದ ಹೊಳೆದಂಡೆಯ ಇಂಥ ಕಾಡುಗಳೇ ಅದರ ತವರು. ಮೀನಿನ ಪೆಟ್ಟಿಗೆಯಲ್ಲಿ ತೊರಕೆ ಕಂಡರೆ ಅದರ ದೊಡ್ಡಣ್ಣನಾದ ಗರಗಸ ಮೀನು ನೆನಪಾಗುತ್ತದೆ. ಶಾಸ್ತ್ರದ ಪ್ರಕಾರ ಇವೆರಡರ ಬೀದಿಯೇ ಬೇರೆ. ಅಶೋಕ ಸಸ್ಯಕೋಟಿಯದು, ಹುಣಸೆ, ಅವರೆಗಳ ಕುಲ. ಗರಗಸ ಮೀನು ಪ್ರಾಣಿಕೋಟಿಯದು. ಗಟ್ಟಿ ಎಲುಬಿಲ್ಲದ ತೊರಕೆಗಳ ವಂಶ. ಆದರೂ ಒಂದು ದುರದೃಷ್ಟ ಎರಡಕ್ಕೂ ಸಮಾನ: ಇವುಗಳ ನಿಜವಾದ ಗುರುತು ಜನಕ್ಕಿಲ್ಲ.

ಪೇಟೆಯ ಮನೆಗಳ ಗೇಟಿನಲ್ಲಿ ಸಿಪಾಯಿಯಂತೆ ನೆಟ್ಟಗೆ ನಿಂತು ಎಲೆ ಜೋಲುಬಿಟ್ಟ ಮರವನ್ನು ನಾವು ಅಶೋಕವೆನ್ನುತ್ತೇವೆ. ಅದು ಸೀತಾಫಲದ ನೆಂಟ. ಕುಲಕ್ಕೆ ಸೀತೆಯ ಹೆಸರು ಬಂತೇ ಹೊರತು, ಸೀತೆ ಕುಳಿತ ನೆರಳು ಅದರದಲ್ಲ! ನಿಜವಾದ ಅಶೋಕ ಕೊಂಬೆಗಂಟಿದಂತೆ ಕಿತ್ತಳೆ ಬಣ್ಣದ ಗೊಂಚಲು ಬಿಡುತ್ತದೆ. ದಿನ ಕಳೆದಂತೆ ಅದು ಕೆಂಪಾಗುತ್ತದೆ. ಗರಗಸ ಮೀನಿನ ಪಾಡೂ ಇದೇ. ನೋಡಿದರೆ ಶಾರ್ಕು; 1758ರಲ್ಲಿ ಸಾಕ್ಷಾತ್ ಲಿನೇಯಸನೇ ಅದನ್ನು ಶಾರ್ಕುಗಳ ಪಂಕ್ತಿಯಲ್ಲಿ ಕೂರಿಸಿದ. ಕಿವಿರಿನ ಸೀಳು ಪಕ್ಕದಲ್ಲಿದ್ದರೆ ಶಾರ್ಕು, ಕೆಳಗಿದ್ದರೆ ತೊರಕೆ. ಇದರದು ಕೆಳಗಿದೆ.

ಇಷ್ಟು ದೂರದವರನ್ನು ಒಂದೇ ಕಡತಕ್ಕೆ ಸೇರಿಸಿದ್ದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ. ಅದು ಕುಲಗೋತ್ರ ಕೇಳುವುದಿಲ್ಲ. ಎಷ್ಟು ಉಳಿದಿದೆ ಎಂದಷ್ಟೇ ಕೇಳುತ್ತದೆ. ಅಶೋಕಾರಿಷ್ಟಕ್ಕೆಂದು ತೊಗಟೆ ಸುಲಿಸಿಕೊಂಡ ಅಶೋಕ 1998ರಲ್ಲೇ ಅದರ ‘ದುರ್ಬಲ’ ಎಂಬ ಮೆಟ್ಟಿಲಿಗೆ ಇಳಿಯಿತು. ಗರಗಸ ಮೀನು ಇನ್ನೂ ಎರಡು ಮೆಟ್ಟಿಲು ಕೆಳಗೆ, ಅಳಿವಿನ ಅಂಚಿನಲ್ಲೇ ಇದೆ. ಅದಕ್ಕೆ ಆಯುಧವಾದ ಗರಗಸವೇ ಬಲೆಗೆ ಸಿಕ್ಕಿಕೊಂಡು ಮೃತ್ಯುವಾಗುತ್ತದೆ. 2001ರಲ್ಲಿ ವನ್ಯಜೀವಿ ಕಾಯಿದೆ ಅದನ್ನು ಹುಲಿಯ ಜೊತೆ ಮೊದಲನೆಯ ಅನುಸೂಚಿಗೆ ಸೇರಿಸಿತು.

ಹೆಸರು ತಪ್ಪಿದರೆ ಏನು ಮಹಾ ಎನ್ನಬಹುದು. ನನ್ನ ಭಯವೆಲ್ಲ ಅಲ್ಲಿಯೇ. ಗೇಟಿನ ಮರವೇ ಅಶೋಕವೆಂದು ನಂಬಿದವನಿಗೆ ಘಟ್ಟದ ಅಶೋಕ ಹೋದದ್ದು ತಿಳಿಯುವುದೆಂತು? ಪರಿಚಯವಿಲ್ಲದವರ ಸಾವಿಗೆ ಯಾರೂ ಸೂತಕ ಹಿಡಿಯುವುದಿಲ್ಲ. ಉಳಿಸುವ ಮಾತು ಆಮೇಲಿರಲಿ. ಮಕ್ಕಳಿಗೆ ಮೊದಲು ಸರಿಯಾದ ಹೆಸರನ್ನಾದರೂ ಹೇಳಿಕೊಡೋಣ.